ಸೇಡಂ ಮೇಲೆ ಉಳಿದ ವಿಮಾನ

ಹದಿನಾರು ಗಂಟೆ ಹದಿನೇಳು ನಿಮಿಷ. ನಮ್ಮ ನಿಮ್ಮ ಲೆಕ್ಕದಲ್ಲಿ ಸಂಜೆ ನಾಲ್ಕು ಹದಿನೇಳು. ಆ ಹೊತ್ತಿಗೆ ನಮ್ಮ ಸೋದರಮಾವ ನೂರಾ ಎಂಬತ್ತು ಜನರನ್ನು ಕೂರಿಸಿಕೊಂಡು, ಸೇಡಂ ಊರಿನ ಮೇಲೆ ಮೂವತ್ತನಾಲ್ಕು ಸಾವಿರ ಅಡಿ ಎತ್ತರದಲ್ಲಿ ದಿಲ್ಲಿಯ ಕಡೆ ಹೊರಟಿದ್ದರು. ಅತ್ತೆ ಪಕ್ಕದಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದರು. ನಾನು ಹಿಂದೆ ಸ್ಟೂಲಿನ ಮೇಲೆ ಚಹಾ ಕುಡಿಯುತ್ತಿದ್ದೆ.

ಗಾಬರಿಯಾಗಬೇಡಿ. ವಿಮಾನ ಇದ್ದದ್ದು ವಾಡಿಯಲ್ಲಿರುವ ಅವರ ಮನೆಯ ಪಡಸಾಲೆಯಲ್ಲಿ, ಕಂಪ್ಯೂಟರಿನ ಪರದೆಯೊಳಗೆ. ನಮ್ಮ ಮಾಮಾ ಹುಟ್ಟಿದಾಗಿನಿಂದ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೂ ವಾರಕ್ಕೆ ಐದು ದಿನ ಬೆಂಗಳೂರಿನಿಂದ ದಿಲ್ಲಿಗೆ ವಿಮಾನ ಒಯ್ಯುತ್ತಾರೆ! ಉಳಿದೆರಡು ದಿನ ವಾರದ ರಜೆ. ರಜೆ ಯಾರು ಕೊಟ್ಟರು ಎಂದು ಕೇಳಬೇಡಿ, ಅವರೇ ಅರ್ಜಿ ಬರೆದು ಅವರೇ ಮಂಜೂರು ಮಾಡಿಕೊಳ್ಳುತ್ತಾರೆ.

ಅವರು ನಿವೃತ್ತ ಗೂಡ್ಸ್ ಗಾಡಿ ಡ್ರೈವರ್. ಗೂಡ್ಸ್ ಗಾಡಿಯವರ ಅರ್ಧ ಆಯುಷ್ಯ ನಿಲ್ಲುವುದರಲ್ಲೇ ಹೋಗುತ್ತದೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬಂತೆಂದರೆ ಇವರ ಸಿಮೆಂಟ್ ಗಾಡಿಯನ್ನು ಚಿತ್ತಾಪುರದಲ್ಲಿ ಪಕ್ಕದ ಹಳಿಗೆ ಸರಿಸಿ ನಿಲ್ಲಿಸುತ್ತಿದ್ದರು. ಒಂದು ತಾಸು, ಎರಡು ತಾಸು. ಆ ಬಿಸಿಲಿನಲ್ಲಿ ಎಂಜಿನ್ನಿನ ಕಿಟಕಿಯಿಂದ ತಲೆ ಹೊರಹಾಕಿದರೆ ಮೇಲೊಂದು ಬೆಳ್ಳಿ ಚುಕ್ಕೆ ಬಿಳಿ ಗೆರೆ ಎಳೆಯುತ್ತ ಉತ್ತರಕ್ಕೆ ಹೋಗುತ್ತಿತ್ತಂತೆ. ಮೂವತ್ತಾರು ವರ್ಷ ನೋಡಿದ್ದಾರೆ. ‘ಅದಕ್ಕ ಯಾರೂ ಬಾಜೂಕ ಸರಿ ಅನ್ನಂಗಿಲ್ಲ ನೋಡವ್ವಾ’ ಎಂದು ಒಮ್ಮೆ ನನಗೆ ಹೇಳಿದ್ದರು. ಆಗ ಅವರ ಮುಖ, ಮಿಠಾಯಿ ಅಂಗಡಿಯ ಗಾಜಿನ ಹೊರಗೆ ನಿಂತವರ ಮುಖದ ಹಾಗಿತ್ತು.

ಹಾಗಾದರೆ ಟಿಕೆಟ್ ತೆಗೆಸಿ ಒಮ್ಮೆ ಹೋಗಿ ಬರಬಾರದೇ ಎಂದೆ. ಹಿಂದೆ ಕೂತು ಹೋಗುವುದು ಎಂಥ ಹೋಗುವುದು, ಮುಂದಿನ ಸಿಗ್ನಲ್ಲೇ ಕಾಣುವುದಿಲ್ಲ ಎಂದರು. ಮೇಲೆ ಸಿಗ್ನಲ್ ಎಲ್ಲಿರುತ್ತದೆ? ಭೌತಶಾಸ್ತ್ರ ಕಲಿಸುವವಳು ನಾನು, ವಾದಿಸಿ ಸೋತೆ.

ನಿವೃತ್ತಿಯಾದ ತಿಂಗಳೇ ಪಡಸಾಲೆ ಕಾಕ್‌ಪಿಟ್ ಆಯಿತು. ಮೇಜಿನ ಹಲಗೆಯ ಬದಲು, ನೆಲಕ್ಕೆ ಹಾಸುವ ಶಹಾಬಾದಿನ ದೊಡ್ಡ ಪರಸಿಕಲ್ಲು. ನಾಲ್ಕು ಜನ ಹೊತ್ತು ತಂದರು. ವಿಮಾನ ಅಲುಗಬಾರದಂತೆ! ಎಂಜಿನ್ನಿನ ವೇಗ ಏರಿಸುವ ಹಿಡಿಕೆಯನ್ನು ಭಂಕೂರಿನ ಕಲ್ಲು ಪಾಲಿಶ್ ಮಾಡುವವರ ಹತ್ತಿರ ಹೇಳಿ ಮಾಡಿಸಿದ್ದು. ಅದೂ ಕಲ್ಲಿನದೇ, ಮುಂದೆ ತಳ್ಳಲು ಎರಡೂ ಕೈ ಬೇಕು. ಪೈಲಟ್ಟಿನ ಬಿಳಿ ಅಂಗಿ ಹೊಲಿದ ದರ್ಜಿ, ಭುಜಕ್ಕೆ ಬಂಗಾರದ ಪಟ್ಟಿ ಹಚ್ಚಿ ಸಮಾಧಾನವಾಗದೆ ಜರಿಯ ಕುಚ್ಚನ್ನೂ ಇಳಿಬಿಟ್ಟ. ಅದನ್ನು ಹಾಕಿಕೊಂಡು ಮನೆಗೆ ಬರುವಾಗ ದಾರಿಯಲ್ಲಿ ಒಬ್ಬರು ತಡೆದು, ಮಗಳ ಮದುವೆಗೆ ಬ್ಯಾಂಡ್ ಬಾರಿಸಲು ಎಷ್ಟು ತಗೊಳ್ತೀರಿ ಎಂದು ಕೇಳಿದರು.

ಅಭ್ಯಾಸ ಸುಮ್ಮನೆ ಹೋಗುತ್ತದೆಯೇ? ವಿಮಾನ ರನ್‌ವೇ ಮೇಲೆ ಓಡತೊಡಗಿದರೆ ಅವರ ಬಲಗೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಎಂಜಿನ್ನಿನ ಸೀಟಿ ಹೊಡೆಯುವ ಹಿಡಿಕೆ! ಮುಂದೆ ರೈಲ್ವೆ ಗೇಟಿಲ್ಲ ಮಾಮಾ ಎಂದರೆ, ದನಾ ಬರ್ತಾವ ಎನ್ನುತ್ತಾರೆ.

ಇನ್ನು ಅತ್ತೆ. ಅವರು ಅಸಿಸ್ಟೆಂಟ್. ರೈಲಿನಲ್ಲಿ ಒಂದು ಕಟ್ಟಳೆ ಇದೆ: ಸಿಗ್ನಲ್ ಕಂಡ ಕೂಡಲೇ ಅಸಿಸ್ಟೆಂಟ್ ಅದನ್ನು ಕೂಗಿ ಹೇಳಬೇಕು, ಡ್ರೈವರ್ ಅದನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳದಿದ್ದರೆ ಡ್ರೈವರಿಗೆ ಏನೋ ಆಗಿದೆ ಎಂದೇ ಅರ್ಥ. ಪಡಸಾಲೆಯಲ್ಲೂ ಅದೇ ಕಟ್ಟಳೆ. ಐದು ನಿಮಿಷಕ್ಕೊಮ್ಮೆ ಅತ್ತೆ ಮೊರದಿಂದ ಕಣ್ಣೆತ್ತಿ, ‘ಎತ್ತರ ಮೂವತ್ತನಾಲ್ಕು ಸಾವಿರ’ ಎನ್ನುತ್ತಾರೆ. ಮಾಮಾ ‘ಮೂವತ್ತನಾಲ್ಕು ಸಾವಿರ’ ಎನ್ನುತ್ತಾರೆ. ಈ ಹುಚ್ಚಿಗೆ ನೀವ್ಯಾಕೆ ಒಪ್ಪಿದಿರಿ ಎಂದು ಕೇಳಿದ್ದೆ. ಅತ್ತೆ ಬೇಳೆಯೊಳಗಿನ ಕಲ್ಲು ಹೆಕ್ಕುತ್ತ, ‘ಮೂವತ್ತಾರು ವರ್ಷ ಡ್ಯೂಟಿಗಿ ಹೋದ್ರವ್ವಾ. ಎಂಜಿನ್ಯಾಗ ಹೆಂಡ್ತಿನ್ನ ಕುಂದ್ರಸಂಗಿಲ್ಲ. ಈಗರೆ ಬಾಜೂಕ ಕುಂತೀನಿ’ ಎಂದರು. ನಾನು ನಗಲು ಬಾಯಿ ತೆರೆದವಳು ಚಹಾ ಕುಡಿದೆ.

ಇನ್ನೊಂದು ಹೇಳಬೇಕು. ಆಟವನ್ನು ನಡುವೆ ನಿಲ್ಲಿಸಿ ಹಾಗೇ ಇಡಲು ಕೀಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದಲ್ಲ, ಆ ಗುಂಡಿಯನ್ನು ಮಾಮಾ ಮೊದಲ ದಿನವೇ ಕಿತ್ತು ದೇವರ ಜಗಲಿಯ ಮೇಲಿನ ವಿಭೂತಿ ಡಬ್ಬಿಯಲ್ಲಿ ಹಾಕಿದ್ದರು. ಹಾರುವ ವಿಮಾನ ಆಕಾಶದಲ್ಲಿ ನಿಲ್ಲುತ್ತದೆಯೇ? ನಿಲ್ಲುವುದೆಲ್ಲ ಚಿತ್ತಾಪುರದಲ್ಲೇ ಮುಗಿಯಿತು, ಇನ್ನು ನಿಲ್ಲುವ ಮಾತಿಲ್ಲ ಎಂದರು.

ಅವತ್ತು ಸೇಡಂನ ಕಾಲೇಜಿನಿಂದ ಬಂದವಳು, ಶಹಾಬಾದಿನ ನನ್ನ ಮನೆಗೆ ಹೋಗುವ ಮೊದಲು ಎಂದಿನಂತೆ ವಾಡಿಯಲ್ಲಿ ಇಳಿದಿದ್ದೆ. ನಮ್ಮ ಸೀಮೆ ಬಂದಾಗ ಮಾಮಾ ತಪ್ಪದೆ ಪ್ರಯಾಣಿಕರಿಗೆ ಹೇಳುವುದಿದೆ: ‘ಎಡಗಡಿ ಕಿಟಕಿ ಕಡಿ ಕುಂತೋರು ನೋಡ್ರಿ, ಕೆಳಗ ಸೇಡಂ. ಅದರಾಚಿಗಿ ವಾಡಿ, ನಮ್ಮನಿ. ಇನ್ನ ಎರಡು ಮಿನಿಟಿಗಿ ಚಿಂಚೋಳಿ.’ ಅವತ್ತು ಅರ್ಧ ಹೇಳಿ ನಿಲ್ಲಿಸಿದರು. ನಾನು ಕಿಸಕ್ಕನೆ ನಕ್ಕಿದ್ದೆ, ಅದಕ್ಕೇ ಸಿಟ್ಟಾದರೆಂದುಕೊಂಡೆ.

‘ಎತ್ತರ ಮೂವತ್ತನಾಲ್ಕು ಸಾವಿರ’ ಎಂದರು ಅತ್ತೆ.

ಉತ್ತರವಿಲ್ಲ. ಅತ್ತೆಯ ಕೈಯಿಂದ ಮೊರ ಜಾರಿ ಬೇಳೆಯೆಲ್ಲ ನೆಲದ ಪಾಲಾಯಿತು. ನಾನಿನ್ನೂ ನಗುತ್ತಿದ್ದೆ, ನೋಡಿ. ಡಿಗ್ರಿ ಇದ್ದವಳು ನಾನು, ಗೊತ್ತಾದದ್ದು ಅತ್ತೆಗೆ.

ಮಾಮಾ ಪರಸಿಕಲ್ಲಿಗೆ ಕೆನ್ನೆ ಹಚ್ಚಿದ್ದರು. ಅಂಗಿ ಒದ್ದೆಯಾಗಿತ್ತು. ಎದೆಯ ಮೇಲೆ ಕೈ. ನೆರೆಮನೆಯವರ ಕಾರಿಗೆ ನಾನು ಕೂಗಿಕೊಂಡು ಓಡಿದೆ, ಕಾರು ಬಾಗಿಲಿಗೆ ಬಂತು. ಮಾಮಾ ಮಾತ್ರ ಕುರ್ಚಿ ಬಿಡಲೊಲ್ಲರು! ರಿಲೀಫಿಗೆ ಬೇರೆ ಡ್ರೈವರ್ ಬಂದು ಚಾರ್ಜ್ ತೆಗೆದುಕೊಳ್ಳುವ ತನಕ ಡ್ರೈವರ್ ಎಂಜಿನ್ ಬಿಟ್ಟು ಇಳಿಯುವಂತಿಲ್ಲ. ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ಇಳಿದಿಲ್ಲ.

‘ಹಿಂದ ಮಂದಿ ಕುಂತಾರವ್ವಾ’ ಎಂದರು, ಉಸಿರು ಸಿಕ್ಕಷ್ಟರಲ್ಲಿ.

ನಡುವೆ ನಿಲ್ಲಿಸುವ ಗುಂಡಿ ವಿಭೂತಿ ಡಬ್ಬಿಯಲ್ಲಿತ್ತು, ಕಂಪ್ಯೂಟರನ್ನೇ ಆರಿಸಲು ಕೈ ಚಾಚಿದೆ. ಅತ್ತೆ ನನ್ನ ರಟ್ಟೆ ಹಿಡಿದರು. ‘ಆರಿಸಬ್ಯಾಡ. ಅವ್ರ ಎದಿ ಅಲ್ಲೇ ನಿಂತೀತು. ನಾ ಅಸಿಸ್ಟೆಂಟು, ನಂಗ ಚಾರ್ಜ್ ಕೊಡಂಗಿಲ್ಲ. ನೀ ತಗೋ, ಲಗೂನ.’

ತಗೊಂಡೆ. ಮಾಮಾ ಹೇಳಿದರು, ನಾನು ಅವರ ಡ್ಯೂಟಿ ಪುಸ್ತಕದಲ್ಲಿ ಬರೆದೆ. ಎತ್ತರ ಇಷ್ಟು, ವೇಗ ಇಷ್ಟು, ಇಂಧನ ಇಷ್ಟು, ಸ್ಥಳ ಸೇಡಂ. ಒಂದೊಂದು ಅಂಕಿಗೂ ಅವರು ಉಸಿರಿಗೆ ತಡಕಾಡುತ್ತಿದ್ದರು. ಕೆಳಗೆ ಸಹಿ ಹಾಕಿದೆ. ಸಹಿಯನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿದರು. ಹದಿನಾರು ಇಪ್ಪತ್ತೊಂಬತ್ತಕ್ಕೆ ಎದ್ದರು. ಹನ್ನೆರಡು ನಿಮಿಷ! ಆಗ ಎಳೆದುಕೊಂಡೇ ಹೋಗಬೇಕಿತ್ತಲ್ಲವೇ? ಆ ಹನ್ನೆರಡು ನಿಮಿಷವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿ ನಡೆಸಿದ್ದೇನೋ. ಒಮ್ಮೊಮ್ಮೆ ಅದರಲ್ಲಿ ನನ್ನ ಪೆನ್ನೇ ಮೂಡುವುದಿಲ್ಲ.

ಕಲಬುರಗಿಯ ದಾರಿಯುದ್ದಕ್ಕೂ ಅತ್ತೆ ಕೂಗಿ ಹೇಳುತ್ತಲೇ ಇದ್ದರು. ‘ಭಂಕೂರ’ ಎಂದರು. ಮಾಮಾ ‘ಭಂಕೂರ’ ಎಂದರು. ‘ಶಹಾಬಾದ’ ಎಂದರು. ‘ಶಹಾಬಾದ’ ಬಂತು, ಬಹಳ ತಡವಾಗಿ. ಆಮೇಲೆ ಊರೇ ಇಲ್ಲದ ಕಡೆಯೂ ಅತ್ತೆ ಬೇವಿನ ಗಿಡ, ರಸ್ತೆಯ ಹಂಪು, ಎಮ್ಮೆ ಎಂದು ಕಂಡದ್ದನ್ನೆಲ್ಲ ಕೂಗಿದರು. ‘ಎಮ್ಮಿ’ ಎಂದು ತಿರುಗಿ ಹೇಳಿದ ಮಾಮಾನ ದನಿ ಕೇಳಿ ನನಗೆ ಅಳು ಬಂತು.

ಉಳಿದರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರ ಮೊದಲ ಮಾತು, ವಿಮಾನ ಏನಾತು. ನಾನು ಇಳಿಸಿದೆ ಎಂದೆ. ಎಷ್ಟಕ್ಕೆ ಎಂದರು. ಹದಿನೆಂಟು ಹತ್ತಕ್ಕೆ ಎಂದೆ. ಅವರು ತಲೆಯಾಡಿಸಿ ಗೋಡೆಯ ಕಡೆ ತಿರುಗಿದರು. ನಿಜವೇನೆಂದರೆ, ನೆರೆಮನೆಯವರು ಮನೆಗೆ ಬೀಗ ಹಾಕುವಾಗ ಕರೆಂಟಿನ ಮೇನ್ ಆರಿಸಿಬಿಟ್ಟಿದ್ದರು.

ಮನೆಗೆ ಬಂದ ಮೇಲೆ ಮಾಮಾಗೆ ನಿದ್ದೆ ಇಲ್ಲ. ಗುಳಿಗೆ ಕೊಟ್ಟರೂ ಇಲ್ಲ. ಅವರು ಹೊರಳಿದರೆ ಅತ್ತೆಗಿಲ್ಲ. ಶಹಾಬಾದಿನಲ್ಲಿ ನನಗೂ ಇಲ್ಲ. ಹೃದಯಕ್ಕೆ ನಿದ್ದೆಯೇ ಮದ್ದು, ಹೀಗಾದರೆ ಕಷ್ಟ ಎಂದು ಡಾಕ್ಟರ್ ಅತ್ತೆಯನ್ನು ಪಕ್ಕಕ್ಕೆ ಕರೆದು ಹೇಳಿದರು. ಕೊನೆಗೆ ನಾನೇ ಕೇಳಿದೆ, ಯಾಕೆ ಮಾಮಾ, ಇಳಿಸಿದೆನಲ್ಲ?

‘ಹದಿನೆಂಟು ಹತ್ತಕ್ಕ ನೀ ಆಸ್ಪತ್ರ್ಯಾಗ ನನ್ನ ಕಾಲು ಹಿಡ್ಕೊಂಡು ನಿಂತಿದ್ದಿ’ ಎಂದರು. ಸಿಟ್ಟಿಲ್ಲ. ‘ಹೊಂಟಿದ್ದು ಬರದದ, ಮುಟ್ಟಿದ್ದು ಬರದಿಲ್ಲ. ಎಲ್ಲೈತಿ ಅದು?’

ಮುಂದಿನ ಭಾನುವಾರ ಅತ್ತೆ ಅವರ ಮಂಚವನ್ನು ಪರದೆ ಕಾಣುವಂತೆ ಎಳೆಸಿದರು. ಡಾಕ್ಟರ್ ಕೂರಬೇಡ ಎಂದಿದ್ದರು, ನೋಡಬೇಡ ಎಂದಿರಲಿಲ್ಲ. ನಾನು ಸಹಿ ಮಾಡಿದ ಹಾಳೆ ತೆಗೆದೆವು. ಅದೇ ಎತ್ತರ, ಅದೇ ವೇಗ, ಅದೇ ಇಂಧನ, ಅದೇ ಸೇಡಂ. ಮಾಮಾ ಮಲಗಿದಲ್ಲಿಂದಲೇ ಹೇಳಿಕೊಟ್ಟಂತೆ ವಿಮಾನವನ್ನು ಅಲ್ಲಿಯೇ ತಂದಿಟ್ಟೆವು. ಮಾಮಾ ಕೂರುವ ಎಡಗಡೆಯ ಕುರ್ಚಿಯಲ್ಲಿ ಅತ್ತೆ ಕೂತರು, ಸೆರಗು ಸಿಕ್ಕಿಸಿಕೊಂಡು. ಅಸಿಸ್ಟೆಂಟ್ ಕೂರಬಹುದೇ ಎಂದು ನಾನು ಮಂಚದ ಕಡೆ ನೋಡಿದೆ.

‘ಮೂವತ್ತಾರು ವರ್ಷ ಸರ್ವಿಸ್ ಆಗ್ಯಾದ ಅಕಿದು’ ಎಂದರು ಮಾಮಾ. ‘ಪ್ರಮೋಶನ್.’

ಎರಡು ತಾಸು. ಅತ್ತೆ ಕೂಗಿದರು, ಮಂಚದಿಂದ ಉತ್ತರ ಬಂತು. ಚಿಂಚೋಳಿ ಹಿಂದೆ ಹೋಯಿತು. ವೇಗ ತಗ್ಗಿಸಲು ನಾನು ಹಿಡಿಕೆಯನ್ನು ಎರಡೂ ಕೈಯಿಂದ ಎಳೆದೆ. ದಿಲ್ಲಿಯಲ್ಲಿ ವಿಮಾನ ನೆಲಕ್ಕೆ ಬಡಿದು, ಎದ್ದು, ಮತ್ತೆ ಬಡಿದು, ರನ್‌ವೇ ಬಿಟ್ಟು ಹುಲ್ಲಿಗಿಳಿದು ನಿಂತಿತು. ನೆಟ್ಟಗೇ ನಿಂತಿತು! ಅತ್ತೆ ಪುಸ್ತಕ ತೆರೆದು ಮುಟ್ಟಿದ ಹೊತ್ತು ಬರೆದರು. ‘ಎಲ್ಲಾರೂ ಇಳದ್ರು’ ಎಂದು ಕೂಗಿ ಹೇಳಿದರು.

ಉತ್ತರ ಬರಲಿಲ್ಲ.

ಅತ್ತೆ ತಿರುಗಲಿಲ್ಲ. ಅವರ ಬೆರಳು ನನ್ನ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಇನ್ನೊಮ್ಮೆ, ಮೆಲ್ಲಗೆ, ‘ಎಲ್ಲಾರೂ ಇಳದ್ರುರೀ’ ಎಂದರು. ಆಗ ಮಂಚದಿಂದ ಕೇಳಿಸಿತು, ಚಿತ್ತಾಪುರದಲ್ಲಿ ನಿಂತ ಎಂಜಿನ್ನಿನಂಥ ದಪ್ಪ ಗೊರಕೆ.

ನಾವಿಬ್ಬರೂ ದೀಪ ಹಚ್ಚದೆ ಅದನ್ನು ಕೇಳುತ್ತ ಬಹಳ ಹೊತ್ತು ಕೂತೆವು. ಪರದೆಯ ಮೇಲೆ ವಿಮಾನ ಹುಲ್ಲಿನಲ್ಲಿ ನಿಂತೇ ಇತ್ತು. ನಾನು ಶಹಾಬಾದಿಗೆ ಹೋಗಲಿಲ್ಲ. ಅತ್ತೆಯ ಪಕ್ಕದಲ್ಲಿ ನೆಲದ ಮೇಲೆಯೇ ಚಾಪೆ ಹಾಸಿಕೊಂಡೆ. ಸೋಮವಾರ ನಮ್ಮ ಮೂವರಲ್ಲಿ ಮೊದಲು ಎಚ್ಚರವಾದದ್ದು ನನಗೆ. ಬಿಸಿಲು ಪರಸಿಕಲ್ಲಿನ ಮೇಲೆ ಬಂದಿತ್ತು, ನಾನು ಕಾಲೇಜಿಗೆ ಹಿಡಿಯುವ ಸೇಡಂನ ಗಾಡಿ ಹೋಗಿ ಒಂದು ತಾಸಾಗಿತ್ತು.