ಊರು ಸುತ್ತಿದ ದಾಳಿಂಬೆ ಸೀರೆ

ಬಸವಕುಮಾರನ ಗ್ರಹಚಾರ ಕೆಟ್ಟಿದ್ದು ಅವನು ಸೀರೆ ಕೊಂಡಿದ್ದರಿಂದಲ್ಲ, ಅದನ್ನು ಬಚ್ಚಿಟ್ಟ ಜಾಗದಿಂದ.

ಹೊಸಪೇಟೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟವನಿಗೆ ಸೀರೆಯ ಗಂಧಗಾಳಿ ಎಲ್ಲಿಂದ ಬರಬೇಕು? ಆದರೆ ಇವತ್ತಿಗೆ ಮದುವೆಯಾಗಿ ಇಪ್ಪತ್ತೈದು ವರ್ಷ. ಹೋದ ವರ್ಷ ಈ ದಿನವನ್ನೇ ಮರೆತು, ವಾರಗಟ್ಟಲೆ ಹೆಂಡತಿ ಶೈಲಜಾಳ ಮೌನವ್ರತಕ್ಕೆ ಗುರಿಯಾಗಿದ್ದ. ಈ ಸಲವೂ ಮರೆತನೆಂದರೆ ಮುಗಿಯಿತು ಕತೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶೈಲಜಾಗೆ ಇದ್ದದ್ದು ಒಂದೇ ಆಸೆ: ಹಂಪಿ ಹಾದಿಯ ದೊಡ್ಡ ರೆಸಾರ್ಟಿನ ಅಂಗಡಿಯಲ್ಲಿ ಕಂಡಿದ್ದ ಕೈಮಗ್ಗದ ಸೀರೆ. ದಾಳಿಂಬೆ ಸಿಪ್ಪೆಯ ಬಣ್ಣ, ಕೆಮಿಕಲ್ ಒಂದು ತೊಟ್ಟೂ ಇಲ್ಲ, ನೇಯ್ದವರಿಗೆ ನ್ಯಾಯವಾದ ಕೂಲಿ. ಬೆಲೆ ಹದಿನೆಂಟು ಸಾವಿರ.

ಬಸವಕುಮಾರ ನಿನ್ನೆಯೇ ಕಣ್ಣು ಮುಚ್ಚಿಕೊಂಡು ಕೊಂಡು ತಂದ. ಮನೆಯಲ್ಲಿ ಬಿಚ್ಚಿ ನೋಡಿದ. ಅಂಚಿಗೆ ಜರಿಯಿಲ್ಲ, ಸೆರಗಿಗೆ ಹೂವಿಲ್ಲ, ಬಣ್ಣವಂತೂ ಆರಿಹೋದ ಚಹಾದ ಹಾಗಿತ್ತು. ಇರಲಿ, ಅವಳಿಗೆ ಸೇರಿದರೆ ಸಾಕು ಎಂದುಕೊಂಡು ಅದನ್ನು ಆಯೇರಿ ಸೀರೆಗಳ ಗಂಟಿನಲ್ಲಿ ತುರುಕಿದ. ನೆಂಟರು ಕೊಟ್ಟ, ಯಾರೂ ಉಡದ, ಇನ್ನೊಬ್ಬ ನೆಂಟರಿಗೆ ದಾಟಿಸುವುದಕ್ಕೆಂದೇ ಕಾದಿರುವ ಗಂಟು ಅದು. ಶೈಲಜಾ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಶೈಲಜಾ ಕಂಪ್ಲಿಗೆ ಹೊರಟಳು. ಅಲ್ಲಿ ಅವಳ ಚಿಗವ್ವ ಗಂಗಾಂಬಿಕಾಳ ಬಸುರಿ ಮಗಳಿಗೆ ಕುಬಸ, ಅಂದರೆ ಸೀಮಂತ. ಮಧ್ಯಾಹ್ನ ಅಂಗಡಿಯಿಂದ ಬಂದವನೇ ಬಸವಕುಮಾರ ಗಂಟು ಬಿಚ್ಚಿದ. ಸೀರೆ ಇಲ್ಲ!

"ಅವ್ವಾ, ಈ ಗಂಟು ಯಾರು ಮುಟ್ಟಿದ್ರು?"

"ನಾನಾ ಮುಟ್ಟಿದ್ನೆಪ್ಪ," ಎಂದಳು ತಾಯಿ ಜಂಬಮ್ಮ ಅಡುಗೆಮನೆಯಿಂದ. "ಮುಂಜಾನೆ ಬುಕ್ಕಸಾಗರದ ಚೆನ್ನಬಸಮ್ಮ ಬಂದಿದ್ಲಲ್ಲ, ಬರಿಗೈಲೆ ಹೆಂಗ ಕಳಸೋದು? ಉಡಿ ತುಂಬಿ ಒಂದು ಸೀರಿ ಕೊಟ್ಟೆ. ಎಲ್ಲಾದ್ರಾಗ ಮಾಸಿದ್ದು ಹುಡುಕಿ ಕೊಟ್ಟೆ. ಯಾವ ಪುಣ್ಯಾತ್ಮ ತಂದಿದ್ನೋ ಏನೋ!"

ಪುಣ್ಯಾತ್ಮ ಬೆಲೆ ಹೇಳಿದ. ಜಂಬಮ್ಮ ಸೌಟು ಬಿಟ್ಟು ಬಾಯಿಗೆ ಸೆರಗು ಹಿಡಿದಳು. "ಅಯ್ಯೋ ಶಿವನಾ! ಶೈಲಾಗ ನನ್ನ ಹೆಸರು ಹೇಳಬ್ಯಾಡೋ ನನ್ನಪ್ಪ. ಈಗೀಗ ನಮ್ಮಿಬ್ಬರ ಮಾತು ಚಲೋ ನಡೆದೈತಿ."

ಬಸವಕುಮಾರ ಬೈಕಿನಲ್ಲಿ ಬುಕ್ಕಸಾಗರಕ್ಕೆ ಓಡಿದ. ಚೆನ್ನಬಸಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

"ದೊಡ್ಡವ್ವಾ, ಅವ್ವ ಕೊಟ್ಟ ಸೀರಿ ಎಲ್ಲೈತಿ?"

"ಅದಾ? ನಮ್ಮ ಸೊಸಿ ತಾಯಿ ಭಾಗ್ಯ ಮಗಳನ್ನ ನೋಡಾಕ ಬಂದಿದ್ಲು. ಬರಿಗೈಲೆ ಹೆಂಗ ಕಳಸೋದು? ಕೊಟ್ಟೆ. ತಪ್ಪು ತಿಳ್ಕಾಬ್ಯಾಡಪ್ಪ, ಅದು ಉಡೋ ಸೀರಿ ಅಲ್ಲ, ದಾಟಿಸೋ ಸೀರಿ."

ಅವನು ದಾಳಿಂಬೆ ಸಿಪ್ಪೆಯ ಬಣ್ಣ, ನೇಯ್ದವರ ಕೂಲಿ ಎಲ್ಲ ವಿವರಿಸಿ ಬೆಲೆ ಹೇಳಿದ. ಚೆನ್ನಬಸಮ್ಮನ ಕೈಯ ಮೊರ ಓರೆಯಾಗಿ ಅಕ್ಕಿಯೆಲ್ಲ ಅಂಗಳಕ್ಕೆ ಬಿತ್ತು. ಸುಧಾರಿಸಿಕೊಂಡ ಮೇಲೆ ಮುದುಕಿಯ ದನಿಯೇ ಬೇರೆ.

"ಅದಕ್ಕಾ ನೋಡು, ಕೈಗೆ ಹಿಡಿದ್ರ ಭಾಳ ತಂಪು ಅನಸ್ತು! ಕೆಮಿಕಲ್ ಬಣ್ಣ ಮೈಗೆ ಒಳ್ಳೇದಲ್ಲ ಬಿಡು. ಎಲ್ಲಿ ಸಿಗ್ತಾವು ಇಂಥವು? ನಮ್ಮ ಸೊಸಿಗೂ ಒಂದು ಬೇಕಿತ್ತು."

ಅವನು ಭಾಗ್ಯಳ ಊರು ಮೆಟ್ರಿ ಮುಟ್ಟುವ ಮೊದಲೇ ದೊಡ್ಡವ್ವನ ಫೋನು ಮುಟ್ಟಿತ್ತು. ಭಾಗ್ಯ ಬಾಗಿಲಲ್ಲೇ ಭಾಷಣ ಶುರು ಮಾಡಿದಳು.

"ಆ ಸೀರಿ ಒಗೆದ್ರ ಕಾಲುವಿ ನೀರು ಕೆಡಂಗಿಲ್ಲಂತಲ್ರಿ! ಇನ್ನ ನಮ್ಮ ಮನ್ಯಾಗ ಪಾಲಿಸ್ಟರ್ ಬಂದ್ ನೋಡ್ರಿ. ನೇಯೋರ ಹೊಟ್ಟಿನೂ ತುಂಬಬೇಕಲ್ರಿ!"

"ಸೀರಿ ಎಲ್ಲಿ ಅಕ್ಕಾರ?"

ಭಾಗ್ಯಳ ಕಣ್ಣು ತುಂಬಿದವು. "ಬರೋವಾಗ ಕಂಪ್ಲ್ಯಾಗ ಗಂಗಾಂಬಿಕಾ ಅವರ ಮನಿ ಕುಬಸಕ್ಕ ಹೋಗಿದ್ದೆ. ಆಯೇರಿ ಮಾಡಿಬಂದೆ. ಹೊಟ್ಟಿ ಉರೀತೈತ್ರಿ!" ಮರುಗಳಿಗೆಯೇ ಕಣ್ಣೊರೆಸಿಕೊಂಡು ಫೋನ್ ಎತ್ತಿಕೊಂಡಳು. "ಕೊಟ್ಟಿದ್ದು ಕೊಟ್ಟೆ. ಎಷ್ಟರದ್ದು ಕೊಟ್ಟೆ ಅಂತ ಆಕಿಗೂ ಗೊತ್ತಾಗ್ಲಿ." ಆದರೆ ಕುಬಸದ ಗದ್ದಲದಲ್ಲಿ ಅತ್ತ ಯಾರೂ ಫೋನ್ ಎತ್ತಲಿಲ್ಲ.

ಕಂಪ್ಲಿಯ ಮನೆಯ ಮುಂದೆ ಬಸವಕುಮಾರ ಬೈಕ್ ಇಳಿಯದೆ ಒಳಗೆ ಇಣುಕಿದ. ಒಳಗೆ ಶೈಲಜಾ ಇದ್ದರೆ ಏನಂತ ಹೇಳುವುದು? ಆದರೆ ಗಂಗಾಂಬಿಕಾ ನಗುತ್ತಲೇ ಬಂದಳು.

"ಬರ್ರಿ ಅಳಿಯಂದಿರಾ, ಕುಂದ್ರಿ! ಶೈಲಾ ಈಗಷ್ಟೇ ಹೊಂಟಳಲ್ರಿ."

ಸದ್ಯ ಬದುಕಿದೆ ಎಂದುಕೊಂಡು, ಮೆಟ್ರಿಯ ಭಾಗ್ಯ ಕೊಟ್ಟ ಸೀರೆಯ ಮಾತು ತೆಗೆದ. ಗಂಗಾಂಬಿಕಾ ದನಿ ತಗ್ಗಿಸಿದಳು.

"ಅದು ಅಷ್ಟೇನು ಲಕ್ಷಣ ಇರಲಿಲ್ಲರಿ. ಶೈಲಾಗ ಕೊಟ್ಟು ಕಳಿಸ್ದೆ. ಮನಿ ಮಗಳು, ಬ್ಯಾಸರ ಮಾಡ್ಕೊಳ್ಳಂಗಿಲ್ಲ ಅಂತ."

ಬಸವಕುಮಾರ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಸೀರೆ ಸೇರಬೇಕಾದ ಮೈಗೇ ಹೋಗಿ ಸೇರಿದೆ! ಖುಷಿಗೆ ಕೂತು ಹೋಳಿಗೆಯ ಮೇಲೆ ಹೋಳಿಗೆ ಜಡಿದ. ಆಗ ಒಳಗೆ ಫೋನ್ ರಿಂಗಾಯಿತು. "ಏನಂದಿ ಭಾಗ್ಯಾ? ಹದಿನೆಂಟು ಸಾವಿರಾ?" ಎಂದು ಗಂಗಾಂಬಿಕಾ ಚೀರಿದ್ದು ಅವನಿಗೆ ಕೇಳಿಸಿತು. ಇವನು ಇನ್ನಷ್ಟು ತುಪ್ಪ ಹಾಕಿಸಿಕೊಂಡ.

ಒಂದು ಮೊಳ ಮಲ್ಲಿಗೆ ಹಿಡಿದು ಮನೆಗೆ ಬಂದಾಗ ಶೈಲಜಾ ಆ ಸೀರೆಯುಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ನಿನ್ನೆ ಸಪ್ಪಗೆ ಕಂಡ ಬಣ್ಣ ಅವಳ ಮೈಮೇಲೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಬಸವಕುಮಾರನಿಗೆ ಕೊಟ್ಟ ದುಡ್ಡು ಮರೆತೇಹೋಯಿತು. ತನ್ನ ಹೆಂಡತಿ ಇನ್ನೂ ಮದುಮಗಳಂತಿದ್ದಾಳೆ ಎನ್ನಿಸಿತು.

"ಶೈಲಾ, ಅದು ನಾನಾ ತಂದಿದ್ದು. ನಿನಗಂತ."

ಶೈಲಜಾ ಮೊದಲು ನಕ್ಕಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಮರೆತೆ ಅಂತ ಒಪ್ಕೊಂಡಿದ್ರ ಸಾಕಿತ್ತಲ್ರಿ. ನಮ್ಮ ಚಿಗವ್ವ ಪ್ರೀತಿಲೆ ಕೊಟ್ಟಿದ್ದನ್ನ ನಿಮ್ಮ ಹೆಸರಿಗೆ ಹಚ್ಕೊಳ್ತೀರಾ?"

"ಆಣಿ ಮಾಡಿ ಹೇಳ್ತೀನಿ, ನಾನಾ..."

"ಹಂಗಾದ್ರ ಚಿಗವ್ವನ ಕೈಗೆ ಹೆಂಗ ಹೋತು? ಹೇಳ್ರಿ ನೋಡೋಣ."

ಬಸವಕುಮಾರ ಬಾಯಿ ತೆರೆದ. ಶೈಲಜಾಳ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಜಂಬಮ್ಮ ಎರಡೂ ಕೈ ಜೋಡಿಸಿ ನಿಂತಿದ್ದಳು. ಅವನು ಬಾಯಿ ಮುಚ್ಚಿದ.

"ಸುಮ್ನ ಚಾಷ್ಟಿ ಮಾಡ್ದೆ ಮಾರಾಯ್ತಿ."

"ಗೊತ್ತಿತ್ತು ಬಿಡ್ರಿ. ಚಿಗವ್ವ ಈಗ ಫೋನ್ ಮಾಡಿದ್ಲು. ನನ್ನ ಮನಸ್ಸು ತಿಳ್ಕೊಂಡು ಹುಡುಕಿ ತಂದ್ಲಂತ, ಹದಿನೆಂಟು ಸಾವಿರ! ಅಷ್ಟು ದೊಡ್ಡ ಆಯೇರಿಗೆ ನಮ್ಮ ಮುಯ್ಯಿ ಕಡಿಮಿ ಆದ್ರ ಮರ್ಯಾದಿ ಉಳಿತೈತೇನ್ರಿ? ನಾಳೆ ಅಂಗಡಿ ಬಾಗಲಾ ಹಾಕಿ ನನ್ನ ಜೋಡಿ ಬರ್ರಿ. ಇಂಥಾ ಸೀರಿ ಸಿಗೋ ಜಾಗ ನಿಮಗೆಲ್ಲಿ ಗೊತ್ತಿರ್ತೈತಿ, ನಾನಾ ತೋರಸ್ತೀನಿ. ಎರಡು ತಗೊಳ್ಳೋಣ."

"ಎರಡಾ? ಎರಡು ಯಾಕ?"

"ಒಂದು ಚಿಗವ್ವಗ," ಎಂದಳು ಶೈಲಜಾ ಅವನ ಕೈಯ ಮಲ್ಲಿಗೆ ಕಿತ್ತುಕೊಂಡು ಮುಡಿಯುತ್ತ. "ಇನ್ನೊಂದು ನನಗ. ಇವತ್ತಿಗೆ ನಮ್ಮ ಮದಿವಿ ಆಗಿ ಇಪ್ಪತ್ತೈದು ವರ್ಷ ಆತು. ನೀವು ಒಂದು ಕರವಸ್ತ್ರನೂ ತಂದಿಲ್ಲ."