ವಾಲ್ಟ್ ತಾತನ ನೀಲಿ ಡಬ್ಬಿ

ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ. ಅವರ ಪಕ್ಕದ ಮನೆಯಲ್ಲಿ ಬೇಟೆಗಾರರು ಇರಲಿಲ್ಲ ಎಂಬುದಂತೂ ಖಂಡಿತ. ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡು ಎನ್ನುತ್ತಿದ್ದ ಅಮ್ಮನ ಮಾತನ್ನು ನಾನು ಮೈಸೂರಿನಿಂದ ಕಡಲಾಚೆಯ, ನಮ್ಮ ದೇಶದವರೇ ತುಂಬಿದ ಕ್ರಾಸ್‌ರೋಡ್ಸ್‌ಗೆ, ಅಲ್ಲಿಂದ ಮಿಲ್ ಕ್ರೀಕ್ ಊರನ್ನೂ ದಾಟಿ ಈ ಹಳ್ಳಿಗೆ ಹೊತ್ತು ತಂದೆ. ಕ್ರಾಸ್‌ರೋಡ್ಸ್‌ನಲ್ಲಿ ತೊಂದರೆಯಿರಲಿಲ್ಲ. ಎದುರುಮನೆಗೆ ಪುಳಿಯೋಗರೆ ಹೋದರೆ ಅಲ್ಲಿಂದ ಗೊಂಗುರ ಪಚ್ಚಡಿ ಬರುತ್ತಿತ್ತು. ಇಲ್ಲಿ ಮನೆಗೂ ಮನೆಗೂ ನಡುವೆ ಒಂದು ಹೊಲ. ನೆರೆ ಎಂದರೆ ವಾಲ್ಟ್ ಒಬ್ಬರೇ, ಎಪ್ಪತ್ತು ದಾಟಿದ ಗಟ್ಟಿ ಮನುಷ್ಯ. ನಮ್ಮ ಮಗಳು ಸಿರಿಗೆ ಅವರು ವಾಲ್ಟ್ ತಾತ. ಹಿಮ ಬಿದ್ದರೆ ನಾವು ಏಳುವ ಮೊದಲೇ ನಮ್ಮ ದಾರಿಯನ್ನೂ ತೆರವು ಮಾಡಿರುತ್ತಾರೆ.

ನಾವು ಬಂದ ವಾರವೇ ಅವರು ನೀಲಿ ಮುಚ್ಚಳದ ಡಬ್ಬಿಯೊಂದನ್ನು ತಂದರು. ಒಳಗೆ ತಾವೇ ಹಿಡಿದ ಸಾಲ್ಮನ್ ಮೀನು. ನಾವೋ, ಬೆಳ್ಳುಳ್ಳಿಯನ್ನೂ ದಿನ ನೋಡಿ ತಿನ್ನುವ ಮನೆತನದವರು. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಮೀನು ನನ್ನ ಗಂಡನ ಜೊತೆ ಫ್ಯಾಕ್ಟೋರಿಯಾದ ಆಫೀಸಿಗೆ ಹೋಗಿ, ಅಲ್ಲೇ ಕೆಲಸ ಮಾಡುವ ನನ್ನ ಮೈಸೂರಿನ ಗೆಳತಿ ನಸೀಮಾಳ ಮನೆ ಸೇರಿತು. ತೊಳೆದ ಡಬ್ಬಿ ಹಿಂದಿರುಗಿತು. ವಾಲ್ಟ್‌ಗೆ ಖಾಲಿ ಕೊಡುವುದುಂಟೇ? ಕೋಡುಬಳೆ ತುಂಬಿಸಿ ಕೊಟ್ಟೆ. ಮೀನು ನಮಗೆ ಬಹಳ ಹಿಡಿಸಿದೆ ಎಂದು ವಾಲ್ಟ್ ತಿಳಿದರು. ಮುಂದಿನ ವಾರ ಡಬ್ಬಿ ಮುಚ್ಚಳ ಹಾಕಲಾಗದಷ್ಟು ತುಂಬಿ ಬಂತು.

ಬೇಟೆಯ ಕಾಲ ಬಂದಾಗ ಜಿಂಕೆ ಮಾಂಸವೂ ಬಂತು. "ಮೀನಾದ್ರೆ ಎಷ್ಟು ಬೇಕಾದ್ರೂ ಕಳಿಸು. ಇದು ಹಲಾಲ್ ಅಲ್ಲ ಕಣೇ, ನಮಗಾಗಲ್ಲ" ಎಂದಳು ನಸೀಮಾ. ಜಿಂಕೆ ನಮ್ಮ ಫ್ರೀಜರಿನಲ್ಲಿ ಬಟಾಣಿಯ ಹಿಂದೆ ಅಡಗಿ ಕೂತಿತು. ಡಬ್ಬಿ ಮಾತ್ರ ಚಕ್ಕುಲಿ ಹೊತ್ತು ಹೋಯಿತು. ನಿಜ ಹೇಳಬೇಕಿತ್ತು. ಆದರೆ ಈ ಊರಿನಲ್ಲಿ ನಮ್ಮನ್ನು ತಮ್ಮವರೆಂದುಕೊಂಡವರು ಅವರೊಬ್ಬರೇ. ಅವರನ್ನು ಕಳೆದುಕೊಳ್ಳಲು ನನಗೆ ಹೆದರಿಕೆ.

ವಸಂತದಲ್ಲಿ ಶಾಲೆಯ ಮಕ್ಕಳು ತರಗತಿಯ ತೊಟ್ಟಿಯಲ್ಲಿ ಸಾಕಿದ ಸಾಲ್ಮನ್ ಮರಿಗಳನ್ನು ತೊರೆಗೆ ಬಿಡುತ್ತಾರೆ. ನೆರವಿಗೆ ಬಂದಿದ್ದ ವಾಲ್ಟ್ ಒಬ್ಬೊಬ್ಬರಿಗೂ ಲೋಟದಲ್ಲಿ ಒಂದೊಂದು ಮರಿ ಕೊಡುತ್ತಾ, ಎಲ್ಲ ಪೋಷಕರ ಎದುರು ನನ್ನನ್ನು ಕೇಳಿದರು, ಜಿಂಕೆ ಹೇಗಿತ್ತು ಎಂದು. ಬಹಳ ಮೃದುವಾಗಿತ್ತು ಎಂದುಬಿಟ್ಟೆ. ಲೋಟ ಹಿಡಿದಿದ್ದ ಸಿರಿ ತಲೆಯೆತ್ತಿದಳು. "ಅಮ್ಮಾ, ಇಟ್ಸ್ ಸ್ಟಿಲ್ ಇನ್ ದ ಫ್ರೀಜರ್. ವಿ ಡೋಂಟ್ ಈಟ್ ಮೀಟ್. ಆರ್ ಫಿಶ್." ವಾಲ್ಟ್ ಮುಂದಿನ ಮಗುವಿಗೆ ಲೋಟ ಕೊಟ್ಟರು.

ಮರುದಿನ ನಮ್ಮ ಮೆಟ್ಟಿಲ ಮೇಲೆ ಡಬ್ಬಿ ಇತ್ತು. ತೆರೆದರೆ ಖಾಲಿ. ನಮ್ಮ ಕಡೆ ಇದಕ್ಕಿಂತ ಖಾರವಾದ ಮಾತಿಲ್ಲ. ಸಂಬಂಧ ಮುಗಿಯಿತು ಎಂದುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತೆ. ಸಂಜೆ ಅವರೇ ಬಂದು, ಜಿಂಕೆಯನ್ನು ಕೊಟ್ಟುಬಿಡು, ನಾನಾದರೂ ತಿನ್ನುತ್ತೇನೆ ಎಂದರು. ಕೊಟ್ಟೆ. ಹೊರಟವರು ಬಾಗಿಲಲ್ಲಿ ತಿರುಗಿ, ಬೆಳಿಗ್ಗೆಯೇ ಡಬ್ಬಿ ಇಟ್ಟು ಹೋಗಿದ್ದೆನಲ್ಲ, ಇನ್ನೂ ಕೋಡುಬಳೆ ಮಾಡಲಿಲ್ಲವೇ ಎಂದು ಕೇಳಿದರು.

ಅಂದಿನಿಂದ ಡಬ್ಬಿ ಖಾಲಿ ಬರುತ್ತದೆ, ತುಂಬಿ ಹೋಗುತ್ತದೆ. ಸದ್ಯ ಎಂದುಕೊಳ್ಳುವಷ್ಟರಲ್ಲಿ ನಸೀಮಾ ಕಾಲ್ ಮಾಡಿದಳು. "ಏನೇ, ಮೀನು ನಿಂತೇ ಹೋಯ್ತಲ್ಲ? ಮನೇಲಿ ಎಲ್ರೂ ಕೇಳ್ತಿದಾರೆ." ಅವಳಿಗೂ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಹೊಳೆಯ ದಂಡೆಯಲ್ಲಿ, ವಾಲ್ಟ್ ತಾತನ ಪಕ್ಕ ಬಲೆ ಹಿಡಿದು ನಿಂತಿರುವ ಹೆಂಗಸು ನಾನೇ. ಮೀನು ಮೇಲೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅಷ್ಟು ಮಡಿ ಇನ್ನೂ ಉಳಿದಿದೆ.