ಗಾಳೆಮ್ಮತ್ತೆಯ ಬಾಗಿಲು ದಾಟದ ಗಾಡಿ

ಊರಿನವರನ್ನೆಲ್ಲ ಬಸ್ಸು ಹತ್ತಿಸುವವನಿಗೆ ತಾನು ಹತ್ತಿ ಹೋಗುವ ಯೋಗ ಇರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಹೊನ್ನೂರಸ್ವಾಮಿ, ಕೊಟ್ಟೂರು ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಕಂಬಿ ಹಾಕಿದ ಕೋಣೆಯೊಳಗೆ ಕೂತು ಮೈಕಿನಲ್ಲಿ "ಹರಪನಹಳ್ಳಿ, ಹರಿಹರ, ದಾವಣಗೆರೆ" ಎಂದು ಒದರುವ ಪುಣ್ಯಾತ್ಮ ನಾನೇ. (ನಿದ್ದೆಯಲ್ಲೂ ನಾನು ಕೂಡ್ಲಿಗಿ ಬಸ್ಸು ಬಿಡುತ್ತೇನೆಂದು ನನ್ನ ಹೆಂಡತಿ ಕೋಮಲಾಳ ದೂರು.) ಇಷ್ಟು ವರ್ಷ ಜನರನ್ನು ಎಲ್ಲೆಲ್ಲಿಗೋ ಕಳಿಸಿದೆ. ನಾನು ಮಾತ್ರ ಕೋಣೆಯಿಂದ ಮನೆಗೆ, ಮನೆಯಿಂದ ಕೋಣೆಗೆ.

ದಿನಾ ಬೆಳಿಗ್ಗೆ ಕಾರವಾರದ ಬಸ್ಸೊಂದು ಬರುತ್ತದೆ. ಆ ಹೆಸರು ಕೂಗುವಾಗ ಮಾತ್ರ ನನ್ನ ದನಿ ತಾನಾಗಿಯೇ ಮೆತ್ತಗಾಗುತ್ತದೆ. ಅದು ವಾಪಸು ಬಂದಾಗ ಕೋಣೆ ಬಿಟ್ಟು ಹೊರಗೆ ಬರುತ್ತೇನೆ. ಗಾಳಿ ಪರೀಕ್ಷೆ ಮಾಡುವವನ ಹಾಗೆ ಬಗ್ಗಿ, ಟಯರಿನ ಸಂದಿಯಲ್ಲಿ ಬೆರಳು ಹಾಕಿ ನೋಡುತ್ತೇನೆ, ಕಡಲ ಮರಳು ಒಂದು ಚಿಟಿಕೆಯಾದರೂ ಸಿಕ್ಕೀತೇನೋ ಎಂದು. ಇವತ್ತಿನವರೆಗೆ ಸಿಕ್ಕಿದ್ದು ಸಗಣಿ. ಕಡಲನ್ನು ನಾನು ಕಣ್ಣಾರೆ ಕಂಡವನಲ್ಲ. ಹಂಪಸಾಗರಕ್ಕೆ ಹೋದಾಗ ಅಣೆಕಟ್ಟಿನ ಹಿನ್ನೀರನ್ನೇ ಕಡಲೆಂದು ತಿಳಿದು ದಂಡೆಯಲ್ಲಿ ಕೂತಿದ್ದುಂಟು. ಹಾಳಾದ ಆಚೆಯ ದಡ ಕಣ್ಣಿಗೆ ಬಿದ್ದು ಆಟ ಕೆಡಿಸುತ್ತದೆ.

"ಪಾಸ್ ಐತಲ್ರಿ, ಅದಾ ಬಸ್ಸಿಗೆ ಹೋಗಿ ಬರಾಣ ಬರ್ರಿ" ಎಂದಳು ಒಂದು ದಿನ ಕೋಮಲಾ. ಆಕೆ ಪ್ರೈಮರಿ ಶಾಲೆ ಟೀಚರ್. ಯಾವ ಲೆಕ್ಕಕ್ಕೂ ಆಕೆಯ ಬಳಿ ಉತ್ತರವಿರುತ್ತದೆ.

"ಬಸ್ಸಿಗೆ ಹೋದ್ರ ಎಲ್ಲಿ ಇಳಸ್ತಾರ ಹೇಳು? ಮತ್ತ ಬಸ್ ಸ್ಟ್ಯಾಂಡಿಗೇ! ಜನ್ಮಪೂರ್ತಿ ಅದನ್ನಾ ನೋಡೀನಿ."

"ಮತ್ತ ಹೆಂಗ ಹೋಗಾದು, ಹಾರಿಕೆಂತ?"

"ಸ್ವಂತ ಗಾಡ್ಯಾಗ. ಬೋರ್ಡ್ ಇಲ್ಲ, ಟೈಮ್ ಇಲ್ಲ. ಪಕ್ಕದಾಗ ನೀ ಕುಂತಿರಬೇಕು. ಗಾಡಿ ಸೀದಾ ಮರಳಿಗೆ ಇಳೀಬೇಕು, ತೆರಿ ಬಂದು ಗಾಲಿಗೆ ಬಡೀಬೇಕು."

"ಹಂಗಾರ ಒಂದು ಗಾಡಿ ಹುಟ್ಟಸ್ರಿ" ಎಂದು ಕೋಮಲಾ ರೊಟ್ಟಿ ಬಡಿಯಲು ಹೋದಳು. ಆಕೆ ಅಂದದ್ದು ಗೇಲಿಗೆ. ನಾನು ಅದನ್ನು ಅಪ್ಪಣೆಯೆಂದು ಶಿರಸಾವಹಿಸಿದೆ.

ಕೋಮಲಾಳ ತಮ್ಮ ಭೀಮರಾಜನಿಗೆ ಊರಲ್ಲೇ ಗ್ಯಾರೇಜಿದೆ. ಅವನನ್ನು ಕರೆದುಕೊಂಡು ಹೊಸಪೇಟೆಯ ಗುಜರಿಗೆ ಹೋಗಿ, ವಯಸ್ಸಿನಲ್ಲಿ ನನಗಿಂತ ಹಿರಿಯದಾದ ಒಂದು ಜೀಪಿನ ಚಾಸಿ ತಂದೆ. ಎಂಜಿನ್ ಇನ್ನೊಂದರದು, ಬಾಗಿಲು ಮತ್ತೊಂದರದು, ಸೀಟು ಹರಾಜಿಗೆ ಬಂದ ಹಳೇ ಬಸ್ಸಿನದು. ಹಿಂದೆ ಸಾಮಾನು ಹಾಕಲು, ಬೇಕಾದರೆ ಕಾಲು ಚಾಚಿ ಮಲಗಲು ಲಾರಿಯಂಥ ತೊಟ್ಟಿ. ಹೀಗೆ ಬಹುಪಿತೃಕವಾದ ಆ ವಾಹನರತ್ನ ನಮ್ಮ ಮನೆಯ ಮುಂದೆ ಮೂರು ಬೇಸಿಗೆ ಕಾಲ ಗರ್ಭದಲ್ಲಿತ್ತು.

"ಫೋರ್ ವೀಲ್, ಮಾವ" ಎನ್ನುತ್ತಿದ್ದ ಭೀಮರಾಜ, ಗಾಡಿಯ ಅಡಿಯಿಂದಲೇ. "ಹಾದಿ ಇದ್ದಲ್ಲಿ ಎಲ್ಲಾರೂ ಹೋಗ್ತಾರ. ಇದು ಹಾದಿ ಇಲ್ಲದಲ್ಲಿ ಹೋಗ್ತೈತಿ."

"ನಮ್ಮ ಕಡಿ ಹಾದಿ ಐತಿ ಅಂತ ನಿನಗ ಯಾರ್ ಹೇಳಿದ್ರೋ?" ಎನ್ನುತ್ತಿದ್ದಳು ಕೋಮಲಾ, ಒಳಗಿನಿಂದಲೇ.

ಒಳಗೆ ಆಕೆಗೂ ನೆಮ್ಮದಿ ಇರಲಿಲ್ಲ ಅನ್ನಿ. ನಡುಮನೆಯಲ್ಲಿ ಬಾಬಾಸಾಹೇಬರ ಫೋಟೊದ ಕೆಳಗೆ ಗೇರ್‌ಬಾಕ್ಸ್ ಕೂತಿತ್ತು. ಅಡಿಗೆಮನೆಯ ಸಾಸಿವೆ ಡಬ್ಬಿಯಲ್ಲಿ ವಾಷರುಗಳಿದ್ದವು. (ಒಮ್ಮೆ ಒಗ್ಗರಣೆಗೂ ಬಿದ್ದವು. ಸಿಡಿಯದೇ ಇದ್ದಾಗಲೇ ಗೊತ್ತಾಯಿತು.) ಕೊನೆಗೊಂದು ದಿನ ಹಿಟ್ಟು ನಾದುವ ಪರಾತವನ್ನು ಎಂಜಿನ್ನಿನ ಕೆಳಗಿಟ್ಟಾಗ ಆಕೆಯ ತಾಳ್ಮೆಯ ಕಟ್ಟೆ ಒಡೆಯಿತು.

"ನನ್ನ ಪರಾತದಾಗ ಕರೇ ಎಣ್ಣಿ!"

"ತೊಳದ್ರ ಹೋಗ್ತೈತಿ ಬಿಡು."

"ಪರಾತ ತೊಳದ್ರ ಹೋಗ್ತೈತ್ರಿ. ನಿಮ್ಮ ತಲ್ಯಾಗಿನ ಗ್ರೀಸು ಯಾತಕ್ಕ ಹೋಗ್ತೈತಿ?"

ರಾಜಿ ಪಂಚಾಯಿತಿಯಾಗಿ, ಗಾಡಿಯ ಬಣ್ಣ ಆಕೆ ಹೇಳಿದ್ದೇ ಎಂದು ತೀರ್ಮಾನವಾಯಿತು. ಅರಿಶಿನದ ಬಣ್ಣ. ಸೈಲೆನ್ಸರಿನ ಸದ್ದಂತೂ ಕೊಟ್ಟೂರಲ್ಲಿ ಚಾಲೂ ಮಾಡಿದರೆ ಕೂಡ್ಲಿಗಿಯಲ್ಲಿ ಕೂಸು ಏಳಬೇಕು, ಹಾಗಿತ್ತು. ಗಾಡಿ ಮೊದಲ ಸಲ ನಾಲ್ಕೂ ಗಾಲಿಯ ಮೇಲೆ ನಿಂತ ದಿನ ಕೋಮಲಾ ಹೋಗಿ ಎಡಗಡೆ ಸೀಟಿನಲ್ಲಿ ಸುಮ್ಮನೆ ಕೂತಳು. ನಾನು ಸ್ಟಿಯರಿಂಗ್ ಹಿಡಿದು ಕೂತೆ. ಎದುರಿಗೆ ಪಕ್ಕದ ಮನೆಯ ಗೋಡೆಯಿತ್ತು. ನಾವಿಬ್ಬರೂ ಬಹಳ ಹೊತ್ತು ಆ ಗೋಡೆಯಾಚೆ ಕಡಲಿದೆಯೆಂಬಂತೆ ನೋಡಿದೆವು.

ಎಲ್ಲ ಯೋಚಿಸಿದ್ದೆವು, ಗಾಳೆಮ್ಮತ್ತೆಯೊಬ್ಬಳನ್ನು ಬಿಟ್ಟು.

ಕೊಟ್ಟೂರಿನಿಂದ ಕಡಲಿಗೆ ಹೋಗಬೇಕಾದರೆ ಇಟ್ಟಿಗಿ ಊರಿನ ಮೇಲೆ ಹಾದು ಹಡಗಲಿಗೆ ಹೋಗಿ ಹೊಳೆ ದಾಟಬೇಕು. ಇಟ್ಟಿಗಿಯಲ್ಲಿ ರಸ್ತೆಗೆ ಆತುಕೊಂಡೇ ಕೋಮಲಾಳ ದೊಡ್ಡವ್ವ, ಅಂದರೆ ನನಗೆ ಅತ್ತೆ, ಗಾಳೆಮ್ಮನ ಮನೆ. ಮುದುಕಿ ಒಬ್ಬಳೇ, ಜೊತೆಗೊಂದು ಎಮ್ಮೆ. ನಮ್ಮ ಕಡೆ ಬೀಗರ ಬಾಗಿಲು ದಾಟಿ ಸುಮ್ಮನೆ ಹೋಗುವುದೆಂದರೆ ಮುಖದ ಮೇಲೆ ಉಗಿದು ಹೋದಂತೆ. ಅದರಲ್ಲೂ ಅರಿಶಿನ ಮೆತ್ತಿಕೊಂಡು ಗುಡುಗುತ್ತ ಬರುವ ಗಾಡಿ ಕಾಣಲಿಲ್ಲ, ಕೇಳಲಿಲ್ಲ ಎನ್ನುವುದು ಯಾರಿಗೆ ಸಾಧ್ಯ? ಕದ್ದು ಹೋಗಬೇಕಾದವನು ತಮಟೆ ಕಟ್ಟಿಕೊಂಡು ಹೊರಟಿದ್ದೆ.

ಮೊದಲ ಪ್ರಯಾಣದಲ್ಲಿ ಅತ್ತೆ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ರಸ್ತೆಯ ನಡುವೆಯೇ ನಿಂತಿದ್ದಳು. "ಉಂಡು ಹೋಗ್ರಿ ಅಳಿಯಾರ." ಉಂಡೆವು. ಉಂಡವರಿಗೆ ಮಲಗೆಂದಳು. ಎದ್ದವರಿಗೆ ಚಹಾ. ಚಹಾ ಕುಡಿಯುವಷ್ಟರಲ್ಲಿ ಕೋಳಿ ಕುಯ್ದಾಗಿತ್ತು. ಮರುದಿನ ನನ್ನ ರಜೆಯೇ ಮುಗಿದು, ಕಡಲಿಗೆ ಬೆನ್ನು ಹಾಕಿ ತಿರುಗಿ ಬಂದೆವು. ಎರಡನೆಯ ಸಲವೂ ಅದೇ ಸೀರೆ, ಅದೇ ರಸ್ತೆ, ಇನ್ನೊಂದು ಕೋಳಿ. ನನ್ನ ದಿಗ್ವಿಜಯ ಯಾತ್ರೆ ಇಟ್ಟಿಗಿ ಎಂಬ ಕೋಟೆಯ ಮುಂದೆ ಎರಡು ಸಲ ಮಕಾಡೆ ಬಿತ್ತು.

ದಸರಾ ರಜೆಗೆ ಮೂರನೆಯ ದಂಡಯಾತ್ರೆ. ಈ ಸಲ ನನಗೊಂದು ಮಹಾ ಉಪಾಯ ಹೊಳೆಯಿತು. ಇಟ್ಟಿಗಿ ಹತ್ತಿರ ಬರುತ್ತಲೇ ಡಾಂಬರು ಬಿಟ್ಟು ಬಂಡಿ ಜಾಡಿಗೆ ಇಳಿಸಿದೆ.

"ಎಲ್ಲಿಗ್ರಿ ಇದು?" ಎಂದಳು ಕೋಮಲಾ.

"ಹೊಲದಾಗ ಹಾದು ಊರಿನ ಆಚಿ ಕಡಿ ಎದ್ದೇಳಾಣ. ಫೋರ್ ವೀಲ್ ಮತ್ಯಾಕೈತಿ?"

"ದೊಡ್ಡವ್ವಗ ಗೊತ್ತಾದ್ರ ನೊಂದಕೆಂತಾಳ."

"ಗೊತ್ತಾದ್ರ ತಾನ?"

ಜನ ಹಿಮಾಲಯ ಹತ್ತಲು ಫೋರ್ ವೀಲ್ ಹಾಕುತ್ತಾರಂತೆ. ಹೆಂಡತಿಯ ದೊಡ್ಡವ್ವನನ್ನು ತಪ್ಪಿಸಿಕೊಳ್ಳಲು ಹಾಕಿದವನು ಬಹುಶಃ ನಾನೊಬ್ಬನೇ. ಹಿಂದಿನ ದಿನ ಮಳೆ ಬಿದ್ದು ಕಪ್ಪು ಮಣ್ಣಿನ ಎರೆ ಹೊಲ ಹಸಿಯಾಗಿತ್ತು. ನಾಲ್ಕೂ ಗಾಲಿ ಒಟ್ಟಿಗೆ ತಿರುಗಿ, ನಾಲ್ಕೂ ಒಟ್ಟಿಗೆ ಹೂತವು. ಭೀಮರಾಜನ ಕೈಚಳಕ ನೋಡಿ, ಒಂದು ಗಾಲಿಯೂ ಹಿಂದೆ ಬೀಳಲಿಲ್ಲ. ಅವನಿಗೆ ಫೋನ್ ಹಚ್ಚಿ, ಬೇಗ ಬೈಕಿನಲ್ಲಿ ಬಾ ಎಂದು ಅಂಗಲಾಚಿ ತಲೆ ಎತ್ತಿದರೆ, ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಒಬ್ಬ ಹೆಂಗಸು ನಿಂತಿದ್ದಳು. ಗಾಳೆಮ್ಮತ್ತೆ. ನಾವು ಹೂತು ನಿಂತಿದ್ದು ಆಕೆಯದೇ ಹೊಲದಲ್ಲಿ.

ಆಕೆ ಹೊರೆ ಇಳಿಸಿದಳು. ಗಾಡಿ ನೋಡಿದಳು, ಜಾಡು ಎಲ್ಲಿಂದ ಬಂದಿದೆ, ಮೂತಿ ಯಾವ ಕಡೆಗಿದೆ ಎಂದು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ನಮ್ಮನಿ ತಪ್ಪಿಸಿಕೆಂಡು ಹೋಗಾಕ ಇಷ್ಟು ದೊಡ್ಡ ಗಾಡಿ ಕಟ್ಟಿದ್ರೇನ್ರಿ ಅಳಿಯಾರ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಮೆತ್ತಗೆ ಕೇಳಿದಳು. ಎರೆ ಮಣ್ಣು ನನ್ನನ್ನೂ ನುಂಗಬಾರದೇ ಅನ್ನಿಸಿತು. "ಹಂಗಲ್ಲ ಅತ್ತಿ, ನಿಮಗ ಸುಮ್ಮನ ತ್ರಾಸು... ಅಡಿಗಿ, ಕೋಳಿ..." ಎಂದು ತೊದಲಿದೆ.

"ಉಣಿಸಾಕ ನಿಂತಿದ್ದೆ ಅನಕೆಂಡ್ರೇನು? ಸಮುದ್ರಕ್ಕ ಹೊಂಟಾರ ಅಂತ ಭೀಮ ಹೇಳಿದ್ದ. 'ನೀನೂ ಹತ್ತು' ಅಂತೀರೇನೋ ಅಂತ ನಿಂತಿದ್ದೆ. ನೀವು ಅನಲಿಲ್ಲ. ಬಾಯಿಬಿಟ್ಟು ಹೆಂಗ ಕೇಳಲಿ? ನೀವು ಹಂಗ ಅನ್ನೋತಂಕ ಇಲ್ಲೇ ಇರ್ಲಿ ಅಂತ ಕೋಳಿ ಕುಯ್ದೆ."

ಕೋಮಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ, ಮದುವೆಯಾದವರಿಗೆ ಗೊತ್ತು.

"ಈಗ ಬರ್ರಿ ಅತ್ತಿ!" ಎಂದೆ.

"ಈಗ ಹೆಂಗ ಬರ್ಲಿ? ಎಮ್ಮಿ ಈದೈತಿ. ಬಿಟ್ಟು ಹೋದ್ರ ಯಾರು ನೋಡ್ತಾರ?"

ಇಲ್ಲಿ ನಾನು ಮಾಡಿದ ತಪ್ಪನ್ನು ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಾದರೂ ಮಾಡುತ್ತಿದ್ದರು. ನಮ್ಮಲ್ಲಿ ಒಂದು ಮಾತನ್ನು ಮರ್ಯಾದೆಗೆ ಅನ್ನಬೇಕು, ಎದುರಿನವರು ಮರ್ಯಾದೆಗೆ ಬೇಡವೆನ್ನಬೇಕು. ಅದನ್ನೇ ನಂಬಿ, ಎದೆ ತಟ್ಟಿಕೊಂಡು, "ಅದ್ಯಾಕ ಚಿಂತಿ ಮಾಡ್ತೀರಿ? ಎಮ್ಮಿ ನಾ ನೋಡಿಕೆಂತೀನಿ, ನೀವು ಹೋಗಿ ಬರ್ರಿ" ಎಂದುಬಿಟ್ಟೆ.

"ಆತು ಹಂಗಾರ" ಎಂದಳು ಅತ್ತೆ. "ಹೆಂಗಿದ್ರೂ ರಜಾ ಹಾಕೀರಲ್ಲ."

ಅಷ್ಟರಲ್ಲಿ ಭೀಮರಾಜನೂ ಬಂದ, ಪಕ್ಕದ ಹೊಲದ ಮರುಳಪ್ಪನ ಟ್ರ್ಯಾಕ್ಟರೂ ಬಂತು. ಗಾಡಿ ಮೇಲೆದ್ದಿತು. ಗಾಡಿ ನಡೆಸುವವರು ಯಾರೆಂಬ ಪ್ರಶ್ನೆ ಬಂದಾಗ ಅತ್ತೆ ಹೇಳಿದಳು, "ಭೀಮನೇ ಹೊಡೀಲಿ. ಅಳಿಯಾರು ಹೊಲದಾಗ ಹೂತ್ರು, ಮರುಳಪ್ಪ ಬಂದ. ಸಮುದ್ರದಾಗ ಹೂತ್ರ ಯಾರು ಬರ್ತಾರ?"

"ನಾನೂ ಉಳೀತೀನ್ರಿ" ಎಂದಳು ಕೋಮಲಾ ನನ್ನ ಕಿವಿಯಲ್ಲಿ.

"ನೀ ಹೋಗು. ನಮ್ಮನ್ಯಾಗ ಒಬ್ಬರಾದ್ರೂ ನೋಡಿರಬೇಕು" ಎಂದೆ. (ಎರಡನೆಯ ಸಲ ಕೇಳುತ್ತಾಳೆಂದು ಕಾದೆ. ಆಕೆ ಆಗಲೇ ಹತ್ತಿ ಕೂತಿದ್ದಳು.)

ಅರಿಶಿನದ ಗಾಡಿ ಗುಡುಗುತ್ತ ಹಡಗಲಿ ಕಡೆ ಹೋಯಿತು. ಸದ್ದು ಅಡಗುವವರೆಗೂ ರಸ್ತೆಯಲ್ಲಿ ನಿಂತಿದ್ದೆ. ಗಾಳೆಮ್ಮತ್ತೆ ಎರಡು ಸಲ ನಿಂತು ನೋಡಿದ್ದು ಇದನ್ನೇ ಎಂದು ಆಗ ತಿಳಿಯಿತು.

ಇನ್ನು ಎಮ್ಮೆಯ ವಿಚಾರ. ಅದಕ್ಕೆ ನಾನು ಹತ್ತಿರ ಹೋದರೆ ಸಾಕು, ಕಾಲೆತ್ತುತ್ತಿತ್ತು. "ಗಾಳೆಮ್ಮಕ್ಕನ ಸೀರಿ ಉಟ್ಟು ಕುಂದರ್ರಿ, ವಾಸನಿಗೆ ಸುಮ್ಮಕಾಗ್ತೈತಿ" ಎಂದ ಮರುಳಪ್ಪ. ಬೇರೆ ದಾರಿಯಿರಲಿಲ್ಲ. ಹತ್ತಾರು ಮಾರ್ಗಗಳ ಬಸ್ಸುಗಳನ್ನು ಒಂದು ಕೂಗಿಗೆ ಹೊರಡಿಸುವ ನಾನು, ಅತ್ತೆಯ ಸೀರೆ ಸುತ್ತಿ, ತಲೆ ತುಂಬ ಸೆರಗು ಹೊದ್ದು, ತಂಬಿಗೆ ಹಿಡಿದು ಕೂತೆ. ಎಮ್ಮೆ ಒಮ್ಮೆ ಮೂಸಿ, ಅನುಮಾನದಿಂದಲೇ ಒಂದಿಷ್ಟು ಹಾಲು ಬಿಟ್ಟಿತು.

ಮರುದಿನ ಹೀಗೆಯೇ ಹಾಲು ಹಿಂಡುತ್ತ ಕೂತಿದ್ದಾಗ ವಿಡಿಯೋ ಕಾಲ್ ಬಂತು. ಎತ್ತಿದೆ. ಪರದೆಯ ತುಂಬ ನೀರು. ಆಚೆ ದಡವೇ ಇಲ್ಲ. ಒಂದು ತೆರೆ ಎದ್ದು, ಬಂದು, ನನ್ನ ಗಾಡಿಯ ಮುಂದಿನ ಗಾಲಿಗೆ ಬಡಿದು ಬೆಳ್ಳಗೆ ಒಡೆಯಿತು. ಗಾಳೆಮ್ಮತ್ತೆ ಮೊಣಕಾಲುದ್ದದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ, ಸಣ್ಣ ಹುಡುಗಿಯಂತೆ ಕೂಗುತ್ತ ಕುಣಿಯುತ್ತಿದ್ದಳು. ನಾನು ಉಸಿರಾಡುವುದನ್ನೂ ಮರೆತು ನೋಡಿದೆ. ಅಲ್ಲಿ, ಆ ಎಡಗಡೆ ಸೀಟಿನ ಪಕ್ಕ, ನಾನಿರಬೇಕಿತ್ತು.

"ಕಾಣತೈತೇನ್ರಿ?" ಎಂದಳು ಕೋಮಲಾ.

"ಕಾಣತೈತಿ" ಎಂದೆ.

"ನಮಗೂ ಕಾಣಾಕತ್ತೈತಿ ಮಾವ!" ಎಂದು ಹಿಂದಿನಿಂದ ಭೀಮರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಆಗಲೇ ಸೆರಗಿನ ನೆನಪಾಗಿದ್ದು.

ಅವರು ತಿರುಗಿ ಬಂದ ದಿನ ಸೀರೆ ಬಿಚ್ಚೆಸೆದು ಪ್ಯಾಂಟು ಹಾಕಿಕೊಂಡು, ಗಂಡಸಿನ ಗತ್ತಿನಲ್ಲಿ ಕೊಟ್ಟಿಗೆಯ ಮುಂದೆ ನಿಂತಿದ್ದೆ. ಗಾಡಿಯಿಂದ ಇಳಿದವಳೇ ಗಾಳೆಮ್ಮತ್ತೆ ಒಂದು ಕ್ಯಾನು ಇಳಿಸಿದಳು.

"ಕುಂದರ್ರಿ ಅಳಿಯಾರ, ಇಲ್ಲೇ ಈ ಕಲ್ಲಿನ ಮ್ಯಾಲೆ. ಯಾತ್ರಿಗೆ ಹೋದೋರು ಹೋಗದೋರಿಗೆ ತಲಿಗೆ ಹಾಕಾಕ ನೀರು ತರಬೇಕು. ನಿಮಗಂತ ಸಮುದ್ರ ತುಂಬಿಕೆಂಡು ಬಂದೀನಿ."

ಕೂತೆ. ಆಕೆ ಒಂದು ತಂಬಿಗೆ ತುಂಬಿ ನನ್ನ ನೆತ್ತಿಯ ಮೇಲೆ ಸುರಿದಳು. ದಾರಿಯ ಬಿಸಿಲಿಗೆ ನೀರು ಬೆಚ್ಚಗಾಗಿತ್ತು. ಕಣ್ಣು ಮುಚ್ಚಿದೆ. ತುಟಿಗೆ ಇಳಿದಾಗ ಉಪ್ಪು. ನಿಜವಾದ ಉಪ್ಪು. ಬಸ್ಸಿನ ಟಯರಿನಲ್ಲಿ ಹುಡುಕಿ ಸಿಗದಿದ್ದದ್ದು ಈಗ ನನ್ನ ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಇನ್ನೇನು ತೆರೆಯ ಸದ್ದೂ ಕೇಳೀತು ಎಂದು ಕಿವಿಗೊಟ್ಟು ಕೂತೆ.

ಆಗ ಕುತ್ತಿಗೆಗೆ ಬೆಚ್ಚಗೆ, ಒರಟಾಗಿ ಏನೋ ತಾಗಿತು. ಎಮ್ಮೆ! ಸೀರೆಯಿಲ್ಲದೆ ಹತ್ತಿರಕ್ಕೂ ಬಿಟ್ಟುಕೊಳ್ಳದಿದ್ದ ಆ ಮಹಾತಾಯಿ ಹಗ್ಗ ಜಗ್ಗಿ ಕತ್ತು ಚಾಚಿ, ಉಪ್ಪಿನ ರುಚಿಗೆ ನನ್ನ ಕಿವಿ, ಕೆನ್ನೆ, ಬೋಳಾಗುತ್ತಿರುವ ನೆತ್ತಿ ಎಲ್ಲವನ್ನೂ ಪ್ರೀತಿಯಿಂದ ನೆಕ್ಕತೊಡಗಿತು. ಭೀಮರಾಜ ಫೋನ್ ತೆಗೆದು ಹಿಡಿದ.

"ಹೆಂಗೈತ್ರಿ ಸಮುದ್ರ?" ಎಂದಳು ಕೋಮಲಾ, ನಗು ತಡೆಯಲಾರದೆ.

"ನಾಲಿಗಿ ಭಾಳ ಒರಟೈತಿ" ಎಂದೆ.

"ಸಾಕೇನ್ರಿ ಅಳಿಯಾರ? ಎದ್ದು ಬಿಡ್ರಿ, ಎಮ್ಮಿ ಬಿಡಂಗಿಲ್ಲ ನಿಮ್ಮನ್ನ."

ನಾನು ಕಣ್ಣು ತೆರೆಯಲಿಲ್ಲ. "ಕ್ಯಾನಿನಾಗ ಇನ್ನೂ ಎಷ್ಟೈತಿ ಅತ್ತಿ?"

"ಅರ್ಧ ಐತಿ."

"ಪೂರಾ ಹಾಕ್ರಿ" ಎಂದೆ.